ಆಡಿನ ಹೊಟ್ಟೆಯ ಹೆಪ್ಪು: ಸುಬಾಬುಲ್ ಸೊಪ್ಪಿನ ನಂಜು ಮುರಿದ ಬಗೆ

ಆಡು ಮುಟ್ಟದ ಸೊಪ್ಪಿಲ್ಲ ಎಂಬ ಗಾದೆ ರೈತ ಬಾಂಧವರಿಗೆ ಹೊಸದಲ್ಲ. ಆಡು ಎಲ್ಲ ಸೊಪ್ಪನ್ನೂ ಮುಟ್ಟುತ್ತದೆ, ನಿಜ. ಮುಟ್ಟಿದ್ದನ್ನು ಅರಗಿಸಿಕೊಳ್ಳುವುದು ಹೇಗೆ ಎಂದು ನೀವು ಎಂದಾದರೂ ಯೋಚಿಸಿದ್ದೀರಾ? ಹೋರಿಯೊಂದು ತಿಂದು ಜೊಲ್ಲು ಸುರಿಸಿ ಬಾಲದ ಕೂದಲು ಉದುರಿಸಿಕೊಂಡ ಸೊಪ್ಪನ್ನೇ, ಇನ್ನೊಂದು ನಾಡಿನ ಆಡು ದಿನವೂ ಹೊಟ್ಟೆ ತುಂಬ ತಿಂದು ಮರಿ ಹಾಕುತ್ತಿದ್ದರೆ, ತಪ್ಪು ಸೊಪ್ಪಿನದೋ ಹೊಟ್ಟೆಯದೋ?

ಈ ಪ್ರಶ್ನೆಗೆ ಉತ್ತರ ಹುಡುಕಿದವರು ಆಸ್ಟ್ರೇಲಿಯಾದ ಒಬ್ಬ ಮೇವಿನ ವಿಜ್ಞಾನಿ. ಆ ಸೊಪ್ಪು ನಮಗೆ ಅಪರಿಚಿತವೇನಲ್ಲ. ನಿಮ್ಮ ಹೊಲದ ಬದುವಿನಲ್ಲಿ, ಕೆರೆ ಏರಿಯ ಪಕ್ಕದಲ್ಲಿ, ಶಾಲೆಯ ಬೇಲಿಯ ಸಾಲಿನಲ್ಲಿ ನಿಂತಿರುವ ಸುಬಾಬುಲ್ ಮರದ್ದೇ ಅದು. ಅದನ್ನು ಕಡಿದು ಹಾಕಬೇಕೆನ್ನುವವರೂ ನಮ್ಮಲ್ಲಿದ್ದಾರೆ, ಬೇಸಿಗೆಯಲ್ಲಿ ಅದರಿಂದಲೇ ದನ ಉಳಿಯಿತು ಎನ್ನುವವರೂ ಇದ್ದಾರೆ. ಇಬ್ಬರ ಮಾತಿನಲ್ಲೂ ಸತ್ಯವಿದೆ. ಆದುದರಿಂದ ಈ ವಿಷಯವನ್ನು ನಿಧಾನವಾಗಿ ತಿಳಿದುಕೊಳ್ಳುವುದು ಲೇಸು.

ಎಲ್ಲಿಂದ ಬಂತು ಈ ಮರ?

ಸುಬಾಬುಲ್‌ನ ಹುಟ್ಟೂರು ಮೆಕ್ಸಿಕೋ ಮತ್ತು ಮಧ್ಯ ಅಮೆರಿಕ. ನಾಲ್ಕು ಶತಮಾನಗಳಿಗೂ ಹಿಂದೆ ಸ್ಪೇನಿನವರ ಹಡಗುಗಳಲ್ಲಿ ಅದರ ಬೀಜ ಫಿಲಿಪ್ಪೀನ್ಸ್ ದ್ವೀಪಗಳನ್ನು ಸೇರಿತು. ಅಲ್ಲಿ ಅದನ್ನು ‘ಇಪಿಲ್ ಇಪಿಲ್’ ಎನ್ನುತ್ತಾರೆ. ಮುಂದೆ ಅದು ಉಷ್ಣವಲಯದ ಬಹುತೇಕ ನಾಡುಗಳಿಗೆ ಹಬ್ಬಿತು. ಇಪ್ಪತ್ತನೆಯ ಶತಮಾನದಲ್ಲಿ ಹವಾಯಿ ವಿಶ್ವವಿದ್ಯಾಲಯದಲ್ಲಿ ಜೇಮ್ಸ್ ಬ್ರೂಬೇಕರ್ ಅವರು ಈ ಮರದ ನೂರಾರು ಬಗೆಗಳನ್ನು ಕೂಡಿಹಾಕಿ ಪರೀಕ್ಷಿಸಿದರು. ಅವುಗಳಲ್ಲಿ ಎತ್ತರಕ್ಕೆ ಬೆಳೆಯುವ ಕೆ-8 ಎಂಬ ಬಗೆ ಹೆಸರಾಯಿತು.

ನಮ್ಮ ದೇಶದಲ್ಲಿ 1970ರ ದಶಕದಲ್ಲಿ ಈ ಎತ್ತರದ ಬಗೆಯನ್ನು ರೈತರಿಗೆ ಪರಿಚಯಿಸಲು ಹೆಚ್ಚು ಶ್ರಮಿಸಿದ್ದು ಪುಣೆಯ ಬಳಿಯ ಉರುಳಿಕಾಂಚನದಲ್ಲಿ ಮಣಿಭಾಯಿ ದೇಸಾಯಿಯವರು 1967ರಲ್ಲಿ ಸ್ಥಾಪಿಸಿದ ಬೈಫ್ ಸಂಸ್ಥೆ. ಮೇವು, ಸೌದೆ, ಕಂಬ, ಹಸಿರೆಲೆ ಗೊಬ್ಬರ, ಎಲ್ಲವೂ ಒಂದೇ ಮರದಿಂದ ಎಂದು ಸಾಮಾಜಿಕ ಅರಣ್ಯದ ದಿನಗಳಲ್ಲಿ ಸುಬಾಬುಲ್‌ಗೆ ಬಹಳ ಮನ್ನಣೆ ದೊರೆಯಿತು. ಬಳಿಕ 1988ರ ಸುಮಾರಿಗೆ ಅದರ ಚಿಗುರನ್ನು ಹೀರುವ ಒಂದು ಸಣ್ಣ ಕೀಟ ನಮ್ಮ ದೇಶಕ್ಕೂ ಬಂತು. ಇದೇ ಕೀಟ 1984ರಲ್ಲಿ ಹವಾಯಿಯನ್ನೂ 1986ರ ಹೊತ್ತಿಗೆ ಫಿಲಿಪ್ಪೀನ್ಸ್, ಇಂಡೋನೇಷ್ಯಾಗಳನ್ನೂ ಕಾಡಿತ್ತು. ಮರದ ಮೇಲಿನ ಉತ್ಸಾಹ ಸ್ವಲ್ಪ ಇಳಿಯಿತು. ಮರ ಮಾತ್ರ ಉಳಿಯಿತು. ಬಿತ್ತದ ಕಡೆಗಳಲ್ಲೂ ತಾನಾಗಿ ಹುಟ್ಟಿಕೊಂಡಿತು.

ಸೊಪ್ಪಿನಲ್ಲಿ ಏನಿದೆ?

ಒಣಗಿಸಿದ ಸುಬಾಬುಲ್ ಎಲೆಯ ತೂಕದಲ್ಲಿ ನೂರಕ್ಕೆ 20ರಿಂದ 25 ಪಾಲು ಸಸಾರಜನಕ, ಅಂದರೆ ಪ್ರೋಟೀನು, ಇರುತ್ತದೆ. ರಾಗಿ ಹುಲ್ಲಿನಲ್ಲಾಗಲಿ ಜೋಳದ ದಂಟಿನಲ್ಲಾಗಲಿ ಇದರ ನಾಲ್ಕನೆಯ ಒಂದು ಪಾಲೂ ಸಿಗುವುದಿಲ್ಲ. ಶೇಂಗಾ ಹಿಂಡಿ, ಹತ್ತಿಕಾಳಿನ ಹಿಂಡಿಗಳನ್ನು ಹಣ ಕೊಟ್ಟು ತರುವ ರೈತನಿಗೆ ಬದುವಿನ ಮರವೇ ಹಿಂಡಿಯ ಒಂದು ಪಾಲನ್ನು ಕೊಟ್ಟರೆ ಅದು ಸಣ್ಣ ಮಾತಲ್ಲ. ಬೇರು ಆಳಕ್ಕಿಳಿಯುವುದರಿಂದ ಹುಲ್ಲು ಒಣಗಿದ ಮೇಲೂ ಈ ಮರದಲ್ಲಿ ಹಸಿರು ಇರುತ್ತದೆ.

ಆದರೆ ಆ ಎಲೆಯಲ್ಲೇ ಇನ್ನೊಂದು ವಸ್ತುವೂ ಇದೆ. ಅದಕ್ಕೆ ‘ಮಿಮೊಸಿನ್’ ಎಂದು ಹೆಸರು. 100 ಗ್ರಾಂ ಒಣ ಎಲೆಯಲ್ಲಿ ಸಾಮಾನ್ಯವಾಗಿ 2ರಿಂದ 6 ಗ್ರಾಂವರೆಗೆ ಇರುವ ಈ ವಸ್ತು ಎಳೆಯ ಚಿಗುರಿನಲ್ಲಿ ಇನ್ನೂ ಹೆಚ್ಚು. ಮಿಮೊಸಿನ್ ಕೂದಲಿನ ಬುಡದ ಬೆಳವಣಿಗೆಯನ್ನು ತಡೆಯುತ್ತದೆ. ಕುದುರೆಗೆ ಈ ಸೊಪ್ಪು ಹಾಕಿದರೆ ಕುತ್ತಿಗೆಯ ಜೂಲು, ಬಾಲದ ಕೂದಲು ಉದುರುವುದು ಇದರಿಂದಲೇ. ಹಂದಿ, ಮೊಲ, ಕೋಳಿಗಳಿಗೂ ಇದು ಆಗಿಬರುವುದಿಲ್ಲ.

ಮೆಲುಕು ಹಾಕುವ ದನ, ಎಮ್ಮೆ, ಕುರಿ, ಆಡುಗಳ ಹೊಟ್ಟೆಯಲ್ಲಿ ಮಿಮೊಸಿನ್ ಬೇಗ ಒಡೆದುಹೋಗುತ್ತದೆ. ಇಲ್ಲಿಗೆ ಅಪಾಯ ಮುಗಿಯಿತೆಂದು ಹಿಂದೆ ತಿಳಿದಿದ್ದರು. ಹಾಗಲ್ಲ. ಮಿಮೊಸಿನ್ ಒಡೆದು ಡಿ.ಎಚ್.ಪಿ. ಎಂಬ ಇನ್ನೊಂದು ವಸ್ತುವಾಗುತ್ತದೆ. ಗಂಟಲಿನ ಬಳಿಯ ಥೈರಾಯ್ಡ್ ಗ್ರಂಥಿಯ ಕೆಲಸಕ್ಕೆ ಅಡ್ಡಿ ಮಾಡಿ ಗಳಗಂಡ ತರುವ ಗುಣ ಈ ವಸ್ತುವಿಗಿದೆ ಎಂಬುದನ್ನು ಆಸ್ಟ್ರೇಲಿಯಾದ ಹೆಗಾರ್ಟಿ ಮತ್ತು ಸಂಗಡಿಗರು 1976ರಲ್ಲಿ ಪ್ರಕಟಿಸಿದರು. ಥೈರಾಯ್ಡ್ ಸೊರಗಿದ ದನ ಮೇವಿನ ಮೇಲೆ ಮನಸ್ಸಿಡುವುದಿಲ್ಲ. ತೂಕ ಏರುವುದಿಲ್ಲ. ಬಾಯಿಂದ ಜೊಲ್ಲು ಸುರಿಯುತ್ತದೆ. ಬಸುರಿ ಹಸುವಿಗೆ ಹುಟ್ಟುವ ಕರು ಬಡಕಲಾಗಿರುತ್ತದೆ, ಕೆಲವೊಮ್ಮೆ ಗಂಟಲು ಊದಿರುತ್ತದೆ.

ಒಂದೇ ಸೊಪ್ಪು, ಎರಡು ಫಲ

ಆಸ್ಟ್ರೇಲಿಯಾದ ಉತ್ತರಭಾಗ ನಮ್ಮ ಬಯಲುಸೀಮೆಯಂತೆಯೇ ಬಿಸಿಲಿನ ನಾಡು. ಅಲ್ಲಿಯ ಕ್ವೀನ್ಸ್‌ಲ್ಯಾಂಡ್ ರಾಜ್ಯದಲ್ಲಿ ಮಾಂಸಕ್ಕಾಗಿ ದನ ಸಾಕುವವರು ಸುಬಾಬುಲ್ ಸಾಲುಗಳನ್ನು ನೆಟ್ಟು ನಡುವೆ ಹುಲ್ಲು ಬೆಳೆಸಿ ಮೇಯಿಸತೊಡಗಿದ್ದರು. ದನಗಳು ಮೊದಲು ಚೆನ್ನಾಗಿ ಮೈತುಂಬಿಕೊಂಡವು. ಸೊಪ್ಪನ್ನೇ ಹೆಚ್ಚಾಗಿ ತಿಂದ ಕಡೆ ನಂಜಿನ ಲಕ್ಷಣಗಳು ಕಂಡವು. ಇಷ್ಟು ಒಳ್ಳೆಯ ಮೇವನ್ನು ಅಳತೆ ಮಾಡಿ ಹಾಕಬೇಕಾದ ಪಾಡು ಬಂತು. ಸಾವಿರಾರು ಎಕರೆ ಬಯಲಿನಲ್ಲಿ ತಾವಾಗಿ ಮೇಯುವ ದನಗಳಿಗೆ ಅಳತೆ ಮಾಡಿ ಹಾಕುವವರು ಯಾರು?

ರೇಮಂಡ್ ಜೋನ್ಸ್ ಎಂಬುವರು ಆ ರಾಜ್ಯದ ಟೌನ್ಸ್‌ವಿಲ್ ಪಟ್ಟಣದಲ್ಲಿದ್ದ ಸರ್ಕಾರಿ ಸಂಶೋಧನಾಲಯದಲ್ಲಿ ಮೇವಿನ ವಿಷಯದ ವಿಜ್ಞಾನಿ. ಅವರ ಗಮನ ಸೆಳೆದದ್ದು ಪೆಸಿಫಿಕ್ ಸಾಗರದ ನಡುವಿನ ಹವಾಯಿ ದ್ವೀಪಗಳು. ಅಲ್ಲಿ ಸುಬಾಬುಲ್ ಗುಡ್ಡಗಳ ಮೇಲೆಲ್ಲ ಹಬ್ಬಿತ್ತು. ಆಡುಗಳೂ ದನಗಳೂ ಅದನ್ನೇ ಮೇಯುತ್ತಿದ್ದವು. ನಂಜಿನ ಸುಳಿವೇ ಇರಲಿಲ್ಲ.

ಸೊಪ್ಪಿನ ಬಗೆ ಬೇರೆಯಿರಬಹುದೇ? ಮಿಮೊಸಿನ್ ಎರಡೂ ಕಡೆ ಇತ್ತು. ಆಡಿನ ತಳಿ ಬೇರೆಯಿರಬಹುದೇ? ಇದ್ದರೂ ಅಷ್ಟು ದೊಡ್ಡ ವ್ಯತ್ಯಾಸಕ್ಕೆ ಅದೊಂದೇ ಕಾರಣವಾಗಲಾರದು. ಹಾಗಾದರೆ ಹವಾಯಿಯ ಆಡಿನ ಹೊಟ್ಟೆಯಲ್ಲಿ ಡಿ.ಎಚ್.ಪಿ.ಯನ್ನೂ ತಿಂದು ಮುಗಿಸುವ ಯಾವುದೋ ಅಣುಜೀವಿ ಇರಬೇಕು, ಆಸ್ಟ್ರೇಲಿಯಾದ ದನಗಳಲ್ಲಿ ಅದು ಇಲ್ಲದಿರಬೇಕು ಎಂದು ಜೋನ್ಸ್ ಊಹಿಸಿ 1981ರಲ್ಲಿ ಆ ಮಾತನ್ನು ಪ್ರಕಟಿಸಿದರು. ಎರಡೂ ನಾಡುಗಳ ಆಡುಗಳಿಗೆ ಸುಬಾಬುಲ್ ತಿನ್ನಿಸಿ ಹೋಲಿಸಿ ನೋಡಿದಾಗ ಆಸ್ಟ್ರೇಲಿಯಾದ ಆಡುಗಳು ಸೊರಗಿದವು, ಹವಾಯಿಯ ಆಡುಗಳು ಹಾಯಾಗಿದ್ದವು.

ಆಸ್ಟ್ರೇಲಿಯಾಕ್ಕೆ ಸುಬಾಬುಲ್ ಬಂದದ್ದು ಬೀಜದ ರೂಪದಲ್ಲಿ. ದನ ಬಂದದ್ದು ಬೇರೆ ನಾಡುಗಳಿಂದ, ಸುಬಾಬುಲ್ ಕಾಣದ ಹೊಟ್ಟೆಯೊಂದಿಗೆ. ಮರವೂ ಬಂತು, ದನವೂ ಬಂತು, ಇಬ್ಬರ ನಡುವೆ ಒಪ್ಪಂದ ಮಾಡಿಸುವ ಅಣುಜೀವಿ ಮಾತ್ರ ಬರಲಿಲ್ಲ ಎಂಬುದು ಜೋನ್ಸ್ ಅವರ ಆಲೋಚನೆಯ ತಿರುಳು.

ಹೊಟ್ಟೆಯೂ ಒಂದು ಹೊಲ

ಮುಂದಿನ ಸಂಗತಿ ಅರ್ಥವಾಗಬೇಕಾದರೆ ದನದ ಹೊಟ್ಟೆಯ ಬಗೆಗೆ ಎರಡು ಮಾತು ತಿಳಿದಿರಬೇಕು. ಮೆಲುಕು ಹಾಕುವ ಪ್ರಾಣಿಯ ಹೊಟ್ಟೆಯಲ್ಲಿ ನಾಲ್ಕು ಭಾಗಗಳಿವೆ. ಎಲ್ಲಕ್ಕಿಂತ ದೊಡ್ಡದಾದ ಚೀಲಕ್ಕೆ ‘ರೂಮೆನ್’ ಎನ್ನುತ್ತಾರೆ. ದೊಡ್ಡ ಹಸುವಿನಲ್ಲಿ ಇದು ನೂರು ಲೀಟರಿಗೂ ಹೆಚ್ಚು ಹಿಡಿಯುತ್ತದೆ. ಒಳಗೆ ಸುಮಾರು 39 ಡಿಗ್ರಿ ಸೆಲ್ಸಿಯಸ್ ಬಿಸಿ, ಕತ್ತಲೆ, ಪ್ರಾಣವಾಯು ಇಲ್ಲವೆನ್ನುವಷ್ಟು ಕಡಿಮೆ. ಅಲ್ಲಿಯ ರಸದ ಒಂದು ಮಿಲಿಲೀಟರಿನಲ್ಲಿ ಸಾವಿರ ಕೋಟಿಯಷ್ಟು ಬ್ಯಾಕ್ಟೀರಿಯಾಗಳಿರುತ್ತವೆ.

ಹುಲ್ಲನ್ನು ಅರಗಿಸುವ ಶಕ್ತಿ ಹಸುವಿಗೆ ಸ್ವಂತದ್ದಲ್ಲ. ಈ ಅಣುಜೀವಿಗಳು ಹುಲ್ಲನ್ನು ಕೊಳೆಸಿ ಒಡೆದು ಕೊಡುತ್ತವೆ, ಹಸು ಅದರಿಂದ ಬಾಳುತ್ತದೆ. ನೀವು ಹುಲ್ಲು ಹಾಕುವುದು ಮೊದಲು ಹೊಟ್ಟೆಯೊಳಗಿನ ಈ ಕೂಲಿಗಳಿಗೆ, ಆಮೇಲೆ ಹಸುವಿಗೆ. ಹೊಲದಲ್ಲಿ ಮಣ್ಣು ಹೇಗೋ ಹಸುವಿಗೆ ರೂಮೆನ್ ಹಾಗೆ. ಮೇವು ಬದಲಾದರೆ ಅಲ್ಲಿಯ ಬೆಳೆಯೂ ಬದಲಾಗುತ್ತದೆ. ಹೊಸ ಮೇವನ್ನು ಒಮ್ಮೆಲೇ ಹಾಕಿದರೆ ಹೊಟ್ಟೆ ಕೆಡುವುದಕ್ಕೆ ಕಾರಣ ಇದೇ. ಹಳೆಯ ಕೂಲಿಗಳಿಗೆ ಹೊಸ ಕೆಲಸ ಬಾರದು, ಬರುವವರು ಇನ್ನೂ ಸಂಖ್ಯೆಯಲ್ಲಿ ಹೆಚ್ಚಿಲ್ಲ.

ಹುಟ್ಟಿದ ಕರುವಿನ ಹೊಟ್ಟೆಯಲ್ಲಿ ಈ ಜನವಸತಿ ಇರುವುದಿಲ್ಲ. ತಾಯಿ ನೆಕ್ಕುವಾಗ, ಒಂದೇ ಗೋದಲಿಯಲ್ಲಿ ಬಾಯಿ ಹಾಕುವಾಗ, ಜೊಲ್ಲಿನಿಂದ, ಸಗಣಿ ತಾಕಿದ ಹುಲ್ಲಿನಿಂದ ಅದು ಒಂದರಿಂದ ಒಂದಕ್ಕೆ ದಾಟುತ್ತದೆ. ಮನೆಯಲ್ಲಿ ಹಾಲಿಗೆ ಹೆಪ್ಪು ಹಾಕುವುದನ್ನು ನೆನಪಿಸಿಕೊಳ್ಳಿ. ಒಂದು ಚಮಚ ಮೊಸರು ಒಂದು ಪಾತ್ರೆ ಹಾಲನ್ನು ಮೊಸರು ಮಾಡುತ್ತದೆ. ಮೊಸರು ಮುಗಿದ ಮನೆಯವರು ಪಕ್ಕದ ಮನೆಯಿಂದ ಹೆಪ್ಪು ತರುತ್ತಾರೆ. ಹಾಗೆಯೇ ಒಂದು ಹೊಟ್ಟೆಯಿಂದ ಇನ್ನೊಂದು ಹೊಟ್ಟೆಗೆ ಹೆಪ್ಪು ಹಾಕಬಹುದೇ? ಜೋನ್ಸ್ ಅವರು ಮುಂದೆ ಮಾಡಿದ್ದು ಇದನ್ನೇ.

ಕಡಲು ದಾಟಿದ ಹೆಪ್ಪು

ಹವಾಯಿಯ ಆಡಿನ ಹೊಟ್ಟೆಯ ಅಣುಜೀವಿಗಳನ್ನು 1982ರಲ್ಲಿ ಆಸ್ಟ್ರೇಲಿಯಾಕ್ಕೆ ತರಲಾಯಿತು. ಇದು ಹೇಳುವಷ್ಟು ಸುಲಭವಲ್ಲ. ಈ ಜೀವಿಗಳಿಗೆ ಗಾಳಿಯೇ ವಿಷ. ಪ್ರಾಣವಾಯು ತಾಕಿದರೆ ಸಾಯುತ್ತವೆ. ಜೊತೆಗೆ ಪರನಾಡಿನ ದನದ ರೋಗಗಳು ಒಳಗೆ ಬರಬಾರದೆಂದು ಆಸ್ಟ್ರೇಲಿಯಾದಲ್ಲಿ ಕಟ್ಟುನಿಟ್ಟಿನ ಕಾನೂನುಗಳಿವೆ. ಗಾಳಿ ತಾಕದಂತೆ ಕಾಪಾಡಿ, ತಪಾಸಣೆಗಳನ್ನು ದಾಟಿಸಿ, ಆಸ್ಟ್ರೇಲಿಯಾದ ಆಡು ಹಾಗೂ ಹೋರಿಗಳ ಹೊಟ್ಟೆಗೆ ಅದನ್ನು ಸೇರಿಸಿದರು.

ಫಲ ಬೇಗನೆ ಕಂಡಿತು. ಹೆಪ್ಪು ಬಿದ್ದ ಪ್ರಾಣಿಗಳ ಮೂತ್ರದಲ್ಲಿ ಡಿ.ಎಚ್.ಪಿ. ಇಳಿದುಹೋಯಿತು. ಸುಬಾಬುಲ್ ಹೆಚ್ಚಾಗಿ ತಿಂದರೂ ನಂಜಿನ ಲಕ್ಷಣ ಕಾಣಲಿಲ್ಲ. ಜೋನ್ಸ್ ಮತ್ತು ಅವರ ಸಹೋದ್ಯೋಗಿ ಮೆಗಾರಿಟಿ ಈ ಯಶಸ್ಸನ್ನು 1986ರಲ್ಲಿ ಪಶುವೈದ್ಯ ಪತ್ರಿಕೆಯಲ್ಲಿ ಪ್ರಕಟಿಸಿದರು. ಇಂಡೋನೇಷ್ಯಾದ ಆಡಿನ ಹೊಟ್ಟೆಯ ರಸದಿಂದಲೂ ಇದೇ ಫಲ ಸಿಕ್ಕಿತೆಂದು ಜೋನ್ಸ್ ಮತ್ತು ಲೌರಿ 1984ರಲ್ಲೇ ತಿಳಿಸಿದ್ದರು. ಹವಾಯಿಯಂತೆ ಇಂಡೋನೇಷ್ಯಾದಲ್ಲೂ ಸುಬಾಬುಲ್ ಮತ್ತು ಸಾಕುಪ್ರಾಣಿಗಳ ನಂಟು ಹಳೆಯದು.

ಈ ಹೆಪ್ಪನ್ನು ಪ್ರತಿಯೊಂದು ದನಕ್ಕೂ ಹಾಕಬೇಕಾಗಿರಲಿಲ್ಲ. ಹಿಂಡಿನ ಕೆಲವು ದನಗಳಿಗೆ ಹಾಕಿ ಒಟ್ಟಿಗೆ ಮೇಯಲು ಬಿಟ್ಟರೆ ಉಳಿದವುಗಳಿಗೆ ತಾನಾಗಿ ದಾಟುತ್ತಿತ್ತು.

ಅಣುಜೀವಿಗೆ ಹೆಸರು ಬಂದದ್ದು

ರಸದಲ್ಲಿ ನೂರಾರು ಬಗೆಯ ಜೀವಿಗಳಿರುವಾಗ ಕೆಲಸ ಮಾಡಿದ್ದು ಯಾವುದು? ಅಮೆರಿಕದ ಅಯೋವಾ ರಾಜ್ಯದ ಏಮ್ಸ್ ಪಟ್ಟಣದಲ್ಲಿರುವ ರಾಷ್ಟ್ರೀಯ ಪಶುರೋಗ ಕೇಂದ್ರದ ಮಿಲ್ಟನ್ ಆಲಿಸನ್ ಮತ್ತು ಸಂಗಡಿಗರು ಹವಾಯಿಯ ಆಡಿನಿಂದ ಬಂದ ಬ್ಯಾಕ್ಟೀರಿಯಾವನ್ನು ಬೇರ್ಪಡಿಸಿ ಶುದ್ಧವಾಗಿ ಬೆಳೆಸಿದರು. 1992ರಲ್ಲಿ ಅದಕ್ಕೆ ‘ಸಿನರ್ಜಿಸ್ಟಿಸ್ ಜೋನ್ಸಿಯೈ’ ಎಂದು ನಾಮಕರಣವಾಯಿತು. ಮೊದಲ ಪದಕ್ಕೆ ಗ್ರೀಕ್ ಭಾಷೆಯಲ್ಲಿ ಜೊತೆಗೂಡಿ ಕೆಲಸ ಮಾಡುವವ ಎಂಬರ್ಥ. ನಮ್ಮ ಹಳ್ಳಿಯ ಮಾತಿನಲ್ಲಿ ಮುಯ್ಯಾಳು ಎನ್ನಬಹುದು. ಎರಡನೆಯ ಪದ ಜೋನ್ಸ್ ಅವರ ಗೌರವಕ್ಕೆ.

ಈ ಮುಯ್ಯಾಳಿನ ಸ್ವಭಾವ ವಿಚಿತ್ರವಾದದ್ದು. ಹೊಟ್ಟೆಯಲ್ಲಿರುವ ಉಳಿದ ಬಹಳಷ್ಟು ಜೀವಿಗಳಂತೆ ಇದು ಸಕ್ಕರೆ, ಪಿಷ್ಟಗಳನ್ನು ತಿಂದು ಬದುಕುವುದಿಲ್ಲ. ಸಸಾರಜನಕದ ತುಣುಕುಗಳಾದ ಆರ್ಜಿನಿನ್, ಹಿಸ್ಟಿಡಿನ್‌ಗಳ ಜೊತೆಗೆ ಡಿ.ಎಚ್.ಪಿ.ಯೇ ಇದರ ಆಹಾರ. ನಮಗೆ ನಂಜು, ಅದಕ್ಕೆ ಅನ್ನ. ಆದ್ದರಿಂದ ಸುಬಾಬುಲ್ ಹಾಕುತ್ತಿರುವವರೆಗೆ ಇದರ ಸಂಖ್ಯೆ ಉಳಿಯುತ್ತದೆ. ಬಹುಕಾಲ ಸುಬಾಬುಲ್ ಇಲ್ಲದಿದ್ದರೆ ಕುಗ್ಗುತ್ತದೆ. ಜೀವಿಶಾಸ್ತ್ರಜ್ಞರು ಈ ಬ್ಯಾಕ್ಟೀರಿಯಾಕ್ಕೆ ಹತ್ತಿರದವುಗಳನ್ನೆಲ್ಲ ಕೂಡಿಸಿ ಒಂದು ದೊಡ್ಡ ಪಂಗಡವನ್ನೇ ಮಾಡಿ ಅದಕ್ಕೆ ಇದರ ಹೆಸರನ್ನೇ ಇಟ್ಟಿದ್ದಾರೆ. ಆಡಿನ ಹೊಟ್ಟೆಯಲ್ಲಿ ಹುಡುಕಿದ ಒಂದು ಜೀವಿಗೆ ಸಂದ ಗೌರವ ಇದು.

ಕಥೆ ಅಲ್ಲಿಗೆ ಮುಗಿಯಲಿಲ್ಲ

ವಿಜ್ಞಾನದಲ್ಲಿ ಒಂದು ಗೆಲುವು ಸಿಕ್ಕಿತೆಂದು ಕೈಕಟ್ಟಿ ಕುಳಿತರೆ ಆಗದು. ಕ್ವೀನ್ಸ್‌ಲ್ಯಾಂಡಿನಲ್ಲಿ 1990ರ ದಶಕದ ಮಧ್ಯಭಾಗದಿಂದ ಈ ಹೆಪ್ಪನ್ನು ದೊಡ್ಡ ಪಾತ್ರೆಗಳಲ್ಲಿ ಬೆಳೆಸಿ ದನಗಾರರಿಗೆ ಮಾರಾಟ ಮಾಡುವ ಏರ್ಪಾಡಾಯಿತು. ಅದನ್ನು ದನದ ಬಾಯಿಗೆ ಗೊಟ್ಟ ಹಾಕಿದಂತೆ ಕುಡಿಸುತ್ತಾರೆ. ಸಮಸ್ಯೆ ತೀರಿತೆಂದೇ ಎಲ್ಲರೂ ನಂಬಿದ್ದರು. ಆದರೆ ಬಳಿಕ ನಡೆದು 2012ರಲ್ಲಿ ಪ್ರಕಟವಾದ ಒಂದು ಸಮೀಕ್ಷೆಯಲ್ಲಿ ಹೆಪ್ಪು ಹಾಕಿದ್ದ ಹಿಂಡುಗಳಲ್ಲೂ ಹಲವು ದನಗಳ ಮೂತ್ರದಲ್ಲಿ ಡಿ.ಎಚ್.ಪಿ. ಧಾರಾಳವಾಗಿ ಕಂಡಿತು. ಹೊರಗೆ ರೋಗಲಕ್ಷಣ ಮಾತ್ರ ಕಾಣುತ್ತಿರಲಿಲ್ಲ.

ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದ ಮ್ಯಾಕ್ಸ್ ಶೆಲ್ಟನ್ ಮತ್ತು ಸಂಗಡಿಗರು ಈ ಒಗಟನ್ನು ಬಿಡಿಸಲು ಹಲವು ನಾಡುಗಳ ದನಗಳನ್ನು ಪರೀಕ್ಷಿಸಿದರು. 2019ರಲ್ಲಿ ಅವರು ಮುಂದಿಟ್ಟ ವಾದದಲ್ಲಿ ಎರಡು ಅಂಶಗಳಿವೆ. ಒಂದು, ಈ ಬ್ಯಾಕ್ಟೀರಿಯಾ ಹವಾಯಿ, ಇಂಡೋನೇಷ್ಯಾಗಳಿಗೆ ಮಾತ್ರ ಸೀಮಿತವಲ್ಲ. ಹಲವು ನಾಡುಗಳ ಪ್ರಾಣಿಗಳ ಹೊಟ್ಟೆಯಲ್ಲಿ ಕಡಿಮೆ ಸಂಖ್ಯೆಯಲ್ಲಿ ಮೊದಲಿನಿಂದಲೂ ಇದೆ. ಎರಡು, ಸುಬಾಬುಲ್‌ಗೆ ಒಗ್ಗಿದ ದನದಲ್ಲಿ ಯಕೃತ್ತು ಕೂಡ ಡಿ.ಎಚ್.ಪಿ.ಗೆ ಬೇರೆ ವಸ್ತುವನ್ನು ಜೋಡಿಸಿ, ಅದರ ನಂಜು ತಗ್ಗಿಸಿ ಮೂತ್ರದಲ್ಲಿ ಹೊರಹಾಕುತ್ತದೆ. ಆದ್ದರಿಂದ ಎಲ್ಲ ಕಡೆಯೂ ಹೊರಗಿನ ಹೆಪ್ಪು ಬೇಕೇ ಬೇಕೆಂದಿಲ್ಲ, ದನ ಒಗ್ಗಿಕೊಳ್ಳಲು ಸಮಯ ಕೊಡುವುದೇ ಮುಖ್ಯ ಎಂಬುದು ಅವರ ಅಭಿಪ್ರಾಯ. ಇಂಡೋನೇಷ್ಯಾದ ಪೂರ್ವದ ದ್ವೀಪಗಳಲ್ಲಿ ಸಣ್ಣ ರೈತರು ಹೋರಿಗಳನ್ನು ಕಟ್ಟಿ ಬಹುಪಾಲು ಸುಬಾಬುಲ್ ಸೊಪ್ಪಿನಿಂದಲೇ ಕೊಬ್ಬಿಸುತ್ತಾರೆ. ಅಲ್ಲಿಯ ದನಗಳು ಮೊದಲ ವಾರಗಳಲ್ಲಿ ಸ್ವಲ್ಪ ಸೊರಗಿದರೂ ಬಳಿಕ ಒಗ್ಗಿಕೊಳ್ಳುತ್ತವೆ.

ಇದರಿಂದ ಜೋನ್ಸ್ ಅವರ ಶೋಧ ಸುಳ್ಳಾಗಲಿಲ್ಲ. ಆ ಬ್ಯಾಕ್ಟೀರಿಯಾ ಡಿ.ಎಚ್.ಪಿ.ಯನ್ನು ತಿನ್ನುವುದು ನಿಜ. ಅದರ ಪಕ್ಕದಲ್ಲಿ ಯಕೃತ್ತೆಂಬ ಇನ್ನೊಬ್ಬ ಕೆಲಸಗಾರನೂ ಇದ್ದಾನೆಂದು ಈಗ ತಿಳಿಯಿತು, ಅಷ್ಟೆ. ಒಂದು ಬಾಟಲಿ ಕುಡಿಸಿದರೆ ಸಾಕು ಎಂಬ ನಂಬಿಕೆಗಿಂತ, ದನವನ್ನು ದಿನವೂ ಗಮನಿಸಿ ಒಗ್ಗಿಸುವ ರೈತನ ಜಾಣ್ಮೆ ದೊಡ್ಡದು ಎಂಬ ಪಾಠ ಇದರಲ್ಲಿದೆ.

ಬೇರಿನ ಕಡೆಯ ಮುಯ್ಯಾಳು

ಸುಬಾಬುಲ್‌ಗೆ ಆಡಿನ ಹೊಟ್ಟೆಯಲ್ಲಿ ಒಬ್ಬ ನೆಂಟನಿದ್ದರೆ ಮಣ್ಣಿನಲ್ಲಿ ಇನ್ನೊಬ್ಬನಿದ್ದಾನೆ. ತೊಗರಿ, ಅಲಸಂದೆ, ಶೇಂಗಾಗಳಂತೆ ಇದೂ ದ್ವಿದಳ ಜಾತಿಯ ಗಿಡ. ಇದರ ಬೇರುಗಂಟುಗಳಲ್ಲಿ ರೈಜೋಬಿಯಂ ಬ್ಯಾಕ್ಟೀರಿಯಾ ಮನೆಮಾಡಿಕೊಂಡು ಗಾಳಿಯ ಸಾರಜನಕವನ್ನು ಗಿಡಕ್ಕೆ ಒದಗಿಸುತ್ತದೆ. ಎಲೆಯಲ್ಲಿರುವ ಸಸಾರಜನಕದ ಮೂಲ ಇದೇ. ಆದರೆ ಸುಬಾಬುಲ್ ಎಲ್ಲ ರೈಜೋಬಿಯಂ ಬಗೆಗಳೊಂದಿಗೆ ಹೊಂದಿಕೊಳ್ಳುವುದಿಲ್ಲ. ಅದು ಹಿಂದೆ ಬೆಳೆಯದ ಮಣ್ಣಿನಲ್ಲಿ ತಕ್ಕ ಬಗೆ ಇಲ್ಲದೆ ಸಸಿ ಹಳದಿಯಾಗಿ ನಿಂತುಬಿಡುವುದುಂಟು. ಆಗ ಬೀಜಕ್ಕೆ ಸುಬಾಬುಲ್‌ಗೆಂದೇ ಆರಿಸಿದ ರೈಜೋಬಿಯಂ ಲೇಪಿಸಬೇಕು.

ಇಲ್ಲೊಂದು ಸ್ವಾರಸ್ಯವಿದೆ. ಸುಬಾಬುಲ್ ಬೇರಿನಿಂದಲೂ ಮಿಮೊಸಿನ್ ಮಣ್ಣಿಗೆ ಸೇರುತ್ತದೆ. ಹವಾಯಿಯ ವಿಜ್ಞಾನಿಗಳು ಟಿ.ಎ.ಎಲ್.1145 ಎಂಬ ರೈಜೋಬಿಯಂ ಬಗೆಯನ್ನು ಪರೀಕ್ಷಿಸಿದಾಗ ಅದು ಮಿಮೊಸಿನ್ ಅನ್ನೇ ತಿಂದು ಬೆಳೆಯಬಲ್ಲದೆಂದು ಕಂಡುಬಂತು. ಮರ ತನ್ನ ಎಲೆಗೂ ಬೇರಿಗೂ ಬೇಲಿಯಂತೆ ಇಟ್ಟುಕೊಂಡ ನಂಜನ್ನೇ ಅನ್ನ ಮಾಡಿಕೊಳ್ಳುವವರು ಹೊಟ್ಟೆಯಲ್ಲೂ ಇದ್ದಾರೆ, ಮಣ್ಣಿನಲ್ಲೂ ಇದ್ದಾರೆ. ಎರಡು ಕಡೆಯೂ ಕಣ್ಣಿಗೆ ಕಾಣದ ಜೀವಿಗಳೇ ಮರವನ್ನು ರೈತನಿಗೆ ಉಪಯೋಗಕ್ಕೆ ತರುತ್ತಿವೆ.

ನೀವು ಏನು ಮಾಡಬೇಕು?

ಮಾರುವ ಹೆಪ್ಪಿಗಾಗಿ ನೀವು ಅಲೆಯಬೇಕಾಗಿಲ್ಲ. ಹೊಟ್ಟೆಯೊಳಗಿನ ಕೂಲಿಗಳಿಗೂ ದನದ ಯಕೃತ್ತಿಗೂ ಸಮಯ ಕೊಡಿ. ಕೆಳಗಿನ ಮಾತುಗಳನ್ನು ಗಮನದಲ್ಲಿಡಿ:

1. ಮೊದಲ ದಿನಗಳಲ್ಲಿ ದೊಡ್ಡ ದನಕ್ಕೆ ದಿನಕ್ಕೆ 1 ಕೆ.ಜಿ. ಹಸಿ ಸೊಪ್ಪಿನಿಂದ ಪ್ರಾರಂಭಿಸಿ. ಮೂರು ನಾಲ್ಕು ವಾರಗಳಲ್ಲಿ ನಿಧಾನವಾಗಿ ಏರಿಸಿ.

2. ಒಗ್ಗಿದ ಮೇಲೂ ಒಟ್ಟು ಮೇವಿನಲ್ಲಿ ಸುಬಾಬುಲ್ ಮೂರನೆಯ ಒಂದು ಪಾಲು ಮೀರದಿರಲಿ. ದಿನಕ್ಕೆ 15 ಕೆ.ಜಿ. ಹಸಿರು ಮೇವು ಹಾಕುವಲ್ಲಿ 4ರಿಂದ 5 ಕೆ.ಜಿ. ಸುಬಾಬುಲ್ ಸಾಕು. ಉಳಿದದ್ದು ಹುಲ್ಲು, ಜೋಳದ ಮೇವು ಇರಲಿ. ಜೊತೆಗೆ ರಾಗಿ ಅಥವಾ ಭತ್ತದ ಒಣಹುಲ್ಲು ಇದ್ದೇ ಇರಲಿ.

3. ಬರೀ ಎಳೆಯ ಚಿಗುರನ್ನು ಹಾಕಬೇಡಿ. ನಂಜು ಅಲ್ಲೇ ಹೆಚ್ಚು. ಕೊಯ್ದ ಸೊಪ್ಪನ್ನು ಬಿಸಿಲಿಗೆ ಒಣಗಿಸಿ ಉದುರಿದ ಎಲೆಯನ್ನು ಚೀಲದಲ್ಲಿ ಕೂಡಿಟ್ಟರೆ ಬೇಸಿಗೆಗೆ ಆಗುತ್ತದೆ. ಒಣಗಿಸಿದ ಮಾತ್ರಕ್ಕೆ ನಂಜು ಪೂರ್ತಿ ಹೋಗುವುದಿಲ್ಲ. ಅಳತೆ ಆಗಲೂ ತಪ್ಪಬಾರದು.

4. ಗಬ್ಬದ ಹಸು ಎಮ್ಮೆಗಳಿಗೆ ಇನ್ನೂ ಕಡಿಮೆ ಹಾಕಿ. ಮೆಲುಕು ಪ್ರಾರಂಭವಾಗದ ಎಳೆಗರುಗಳಿಗೆ ಹಾಕಲೇಬೇಡಿ. ಕುದುರೆ, ಕತ್ತೆ, ಹಂದಿ, ಮೊಲಗಳಿಂದ ಈ ಸೊಪ್ಪನ್ನು ದೂರವಿಡಿ.

5. ಹೊಸದಾಗಿ ತಂದ ದನವನ್ನು ಸುಬಾಬುಲ್‌ಗೆ ಒಗ್ಗಿಸುವಾಗ, ಈಗಾಗಲೇ ಆ ಸೊಪ್ಪು ತಿಂದು ಆರೋಗ್ಯವಾಗಿರುವ ನಿಮ್ಮದೇ ಕೊಟ್ಟಿಗೆಯ ದನದ ಜೊತೆಗೆ ಕಟ್ಟಿ. ಹೆಪ್ಪು ದಾಟುವ ಸಹಜ ದಾರಿ ಇದು. ಆದರೆ ಸಂತೆಯಿಂದ ತಂದ ದನವನ್ನು ಮೊದಲು ಕೆಲವು ವಾರ ಬೇರೆಯೇ ಇಟ್ಟು ರೋಗವಿಲ್ಲವೆಂದು ಖಚಿತವಾದ ಮೇಲಷ್ಟೇ ಜೊತೆಗೆ ಸೇರಿಸಿ.

6. ಜೊಲ್ಲು ಸುರಿಯುವುದು, ಬಾಲದ ಕುಚ್ಚಿನ ಕೂದಲು ಉದುರುವುದು, ಮೇವು ಬಿಡುವುದು, ಗಂಟಲ ಬಳಿ ಊತ ಕಂಡರೆ ಸುಬಾಬುಲ್ ನಿಲ್ಲಿಸಿ. ಬೇಗ ಗುರುತಿಸಿದರೆ ಬಹಳಷ್ಟು ದನಗಳು ಚೇತರಿಸಿಕೊಳ್ಳುತ್ತವೆ. ಜೊಲ್ಲು ಸುರಿಯುವುದು ಕಾಲುಬಾಯಿ ಜ್ವರದ ಲಕ್ಷಣವೂ ಆಗಿರುವುದರಿಂದ ಪಶುವೈದ್ಯರಿಗೆ ತೋರಿಸುವುದನ್ನು ಮರೆಯಬೇಡಿ.

7. ಒಂದು ದನದ ಹೊಟ್ಟೆಯ ರಸವನ್ನು ಇನ್ನೊಂದಕ್ಕೆ ನೀವಾಗಿ ಕುಡಿಸಲು ಹೋಗಬೇಡಿ. ಮೆಲುಕು ನಿಂತ ದನಕ್ಕೆ ಪಶುವೈದ್ಯರು ಈ ಚಿಕಿತ್ಸೆ ಮಾಡುವುದುಂಟು. ಅವರು ಕೊಡುವ ಪ್ರಾಣಿಯ ಆರೋಗ್ಯ ನೋಡಿ ಮಾಡುತ್ತಾರೆ. ತಿಳಿಯದೆ ಮಾಡಿದರೆ ರೋಗ ಹರಡಬಹುದು, ಗೊಟ್ಟ ತಪ್ಪಿ ರಸ ಶ್ವಾಸನಾಳಕ್ಕೆ ಹೋದರೆ ದನ ಸಾಯಬಹುದು.

8. ಹೊಸದಾಗಿ ನೆಡುವವರು ಬೀಜದ ಗಟ್ಟಿ ಸಿಪ್ಪೆ ಮೃದುವಾಗಲು ಕುದಿಯುವ ಮಟ್ಟಕ್ಕಿಂತ ಕಡಿಮೆ ಬಿಸಿಯಿರುವ ನೀರಿನಲ್ಲಿ ಕೆಲವೇ ನಿಮಿಷ ಅದ್ದಿ ತೆಗೆದು, ತಣ್ಣೀರಿನಲ್ಲಿ ಒಂದು ರಾತ್ರಿ ನೆನೆಹಾಕಿ. ಆರಿದ ಮೇಲೆ ಬೆಲ್ಲದ ನೀರಿನಲ್ಲಿ ಕಲಸಿದ ರೈಜೋಬಿಯಂ ಲೇಪಿಸಿ ನೆರಳಿನಲ್ಲಿ ಒಣಗಿಸಿ ಬಿತ್ತಿರಿ.

9. ಮರವನ್ನು ಕಾಯಿ ಕಟ್ಟಲು ಬಿಡಬೇಡಿ. ಸೊಂಟದೆತ್ತರಕ್ಕೆ ಸವರುತ್ತಿದ್ದರೆ ಸೊಪ್ಪೂ ಸಿಗುತ್ತದೆ, ಬೀಜ ಉದುರಿ ಹೊಲವೆಲ್ಲ ಕಳೆಯಾಗುವುದೂ ತಪ್ಪುತ್ತದೆ. ಈ ಮರದ ಮೇಲಿನ ದೂರುಗಳಲ್ಲಿ ನ್ಯಾಯವಾದದ್ದು ಇದು.

ಯಾವುದು ನಮ್ಮ ಸಂಪತ್ತು?

ತಳಿಗಳನ್ನು ಕಾಪಾಡಬೇಕೆಂದು ನಾವು ಕೇಳುತ್ತಲೇ ಇದ್ದೇವೆ. ಬೀಜವನ್ನು ಉಳಿಸಿಕೊಳ್ಳಬೇಕೆಂಬ ಮಾತೂ ಹೊಸದಲ್ಲ. ಆದರೆ ಹವಾಯಿಯ ಗುಡ್ಡದ ಆಡಿನ ಹೊಟ್ಟೆಯಲ್ಲಿ ಹೆಸರಿಲ್ಲದೆ ಬದುಕಿದ್ದ ಒಂದು ಬ್ಯಾಕ್ಟೀರಿಯಾಕ್ಕಾಗಿ ವಿಜ್ಞಾನಿಗಳು ಕಡಲು ದಾಟಿ ಹೋದರೆಂದರೆ, ಪ್ರಾಣಿಯ ಹೊಟ್ಟೆಯಲ್ಲೂ ಗಿಡದ ಬೇರಿನಲ್ಲೂ ಕಾಪಾಡಬೇಕಾದ ಸಂಪತ್ತಿದೆ ಎಂದೇ ಅರ್ಥ. ನಾಟಿ ದನ, ನಾಟಿ ಆಡುಗಳನ್ನು ಕಳೆದುಕೊಂಡಾಗ ಅವುಗಳ ಹೊಟ್ಟೆಯಲ್ಲಿ ನಮ್ಮ ಸೊಪ್ಪುಸದೆಗಳಿಗೆ ಒಗ್ಗಿದ್ದ ಜೀವಿಗಳನ್ನೂ ಕಳೆದುಕೊಳ್ಳುತ್ತೇವೆ. ಬೇವು, ಹುಣಸೆ, ಜಾಲಿ, ಹೊಂಗೆ, ಬಾಗೆ, ಆಲ, ಹಲಸು ಹೀಗೆ ಊರಿಗೊಂದು ಸೊಪ್ಪು ತಿಂದು ಬಾಳುವ ಆಡುಕುರಿಗಳು ನಮ್ಮ ಸುತ್ತ ಈಗಲೂ ಇವೆ.

ಮುಂದಿನ ಬೇಸಿಗೆ ಬರುವ ಮೊದಲು ನಿಮ್ಮ ಬದುವಿನ ಸುಬಾಬುಲ್ ಮರಗಳನ್ನು ಎಣಿಸಿ ನೋಡಿ. ಎಷ್ಟು ದನಕ್ಕೆ ಎಷ್ಟು ಸೊಪ್ಪು ಸಿಕ್ಕೀತು, ಎಷ್ಟು ಹಿಂಡಿಯ ಖರ್ಚು ಉಳಿದೀತು ಎಂದು ಲೆಕ್ಕ ಹಾಕಿ. ಈಗಿನಿಂದಲೇ ದಿನಕ್ಕೆ ಒಂದು ಕೆ.ಜಿ.ಯಂತೆ ಪ್ರಾರಂಭಿಸಿದರೆ, ಹುಲ್ಲು ಒಣಗುವ ಹೊತ್ತಿಗೆ ನಿಮ್ಮ ದನದ ಹೊಟ್ಟೆ ಸಿದ್ಧವಾಗಿರುತ್ತದೆ.